ಪುಣೆಯಿಂದ ಸಾಸವಡಕ್ಕೆ ನಡೆಯುವಾಗ: ಫೋನೋ, ವಾಚೋ, ಕೈಜಿಪಿಎಸ್ಸೋ?

ಮೊದಲೇ ಹೇಳಿಬಿಡುತ್ತೇನೆ, ನಡೆದ ದಾರಿ ದಾಖಲಿಸಲು ನನ್ನ ಆಯ್ಕೆ ಎರಡು ಪೆನ್ಸಿಲ್ ಸೆಲ್ ಹಾಕಿದರೆ ನಡೆಯುವ, ಬಟನ್ ಒತ್ತುವ ಹಳೇ ಮಾದರಿಯ ಕೈಜಿಪಿಎಸ್. ಸೆಕೆಂಡ್ ಹ್ಯಾಂಡ್, 7,500 ರೂಪಾಯಿ. ಮೊದಲ ದಿನವೇ ಅದು ನನಗೆ ಕಣ್ಣೀರು ತರಿಸಿತು. ಆದರೂ ಯಾರು ಕೇಳಿದರೂ ಅದನ್ನೇ ತಗೊಳ್ಳಿ ಅನ್ನುತ್ತೇನೆ.

ನಾನು ದಾರಿ ದಾಖಲಿಸುವುದು ಅವ್ವನಿಗಾಗಿ. ನಮ್ಮದು ವಿಜಯಪುರದ ಕಡೆಯ ಮನೆತನ. ಪಂಢರಪುರಕ್ಕೆ ನಡೆದು ಹೋಗುವುದು ಮನೆಯಲ್ಲಿ ತಲೆಮಾರುಗಳಿಂದ ಬಂದದ್ದು. ಅವ್ವನಿಗೆ ಈಗ ಮಂಡಿನೋವು, ಓಣಿ ದಾಟುವುದೂ ಕಷ್ಟ. ಪುಣೆಯಲ್ಲಿರುವ ನಾನು, ವರ್ಷಕ್ಕೊಮ್ಮೆ ಪಂಢರಪುರಕ್ಕೆ ಹೋಗುವ ಜ್ಞಾನೇಶ್ವರರ ಪಾಲಖಿ (ಪಲ್ಲಕ್ಕಿ ಮೆರವಣಿಗೆ) ಆಳಂದಿಯಿಂದ ಬಂದು ಇಲ್ಲಿ ಎರಡು ರಾತ್ರಿ ತಂಗಿ ಸಾಸವಡಕ್ಕೆ ಹೊರಡುವ ದಿನ ಜೊತೆಗೆ ನಡೆಯುತ್ತೇನೆ. ಸುಮಾರು 30 ಕಿಲೋಮೀಟರ್. ಹಡಪಸರ, ವಡಕಿ ನಾಲಾ, ಆಮೇಲೆ ದಿವೇ ಘಾಟ. ನಡೆದ ದಾರಿಯನ್ನು ನಕಾಶೆಯ ಮೇಲೆ ತಿರುವು ತಿರುವಾಗಿ ಅವ್ವನಿಗೆ ತೋರಿಸಬೇಕೆಂಬುದು ನನ್ನ ಆಸೆ.

ಮೊದಲ ವರ್ಷ ಫೋನ್ ಒಯ್ದೆ. ಆಪ್ ಬಗ್ಗೆ ನನ್ನದೇನೂ ದೂರಿಲ್ಲ. ಓಸ್‌ಮ್ಯಾಂಡ್ ಎಂಬ ಆಪ್‌ನಲ್ಲಿ, ಯಾರು ಬೇಕಾದರೂ ಹೆಸರು ಸೇರಿಸಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕಾಶೆ ಮೊದಲೇ ಇಳಿಸಿಕೊಂಡರೆ ನೆಟ್‌ವರ್ಕ್ ಬೇಕಿಲ್ಲ. ನಕಾಶೆಯ ಭಾಷೆ ಕನ್ನಡ ಎಂದು ಆರಿಸಿದರೆ, ಯಾರಾದರೂ ಪುಣ್ಯಾತ್ಮರು ಕನ್ನಡದಲ್ಲಿ ಹೆಸರು ಸೇರಿಸಿರುವ ಊರುಗಳು ಕನ್ನಡದಲ್ಲೇ ಕಾಣುತ್ತವೆ. ಕೈಕೊಟ್ಟದ್ದು ಫೋನ್. ಪರದೆ ಆರಿಸಿ ಜೇಬಿಗಿಟ್ಟರೆ, ಬ್ಯಾಟರಿ ಉಳಿಸುವ ವ್ಯವಸ್ಥೆ ಸ್ವಲ್ಪ ಹೊತ್ತಿಗೆಲ್ಲ ಆಪನ್ನು ನಿಲ್ಲಿಸಿಬಿಡುತ್ತಿತ್ತು. ನಾನು ಮತ್ತೆ ಫೋನ್ ತೆಗೆದಾಗ ಅದು ಎಚ್ಚೆತ್ತು, ಹಿಂದೆ ಬಿಟ್ಟ ಜಾಗಕ್ಕೂ ಈಗಿನ ಜಾಗಕ್ಕೂ ಒಂದು ನೇರ ಗೆರೆ ಎಳೆಯುತ್ತಿತ್ತು. ಉಸಿರು ಕಟ್ಟಿ ಹತ್ತಿದ ದಿವೇ ಘಾಟದ ತಿರುವುಗಳೆಲ್ಲ ಮಾಯ, ಗುಡ್ಡ ಸೀಳಿಕೊಂಡು ಹೋದ ಒಂದು ಗೆರೆ ಮಾತ್ರ. ಆ ಆಪ್‌ಗೆ ಬ್ಯಾಟರಿ ನಿರ್ಬಂಧ ಬೇಡ ಎಂದು ಸೆಟ್ಟಿಂಗ್ಸ್‌ನಲ್ಲಿ ಬದಲಿಸಿದ ಮೇಲೆ ಗೆರೆ ಸರಿಹೋಯಿತು, ಚಾರ್ಜ್ ಮಾತ್ರ ನಿಲ್ಲಲಿಲ್ಲ. ಅಷ್ಟೊಂದು ಜನರ ನಡುವೆ ಟವರ್ ಹುಡುಕುತ್ತಲೇ ಫೋನ್ ಬಿಸಿಯಾಗುತ್ತದೆ, ಮಳೆಯಲ್ಲಿ ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ. ಜಾತ್ರೆಯಂಥ ಗದ್ದಲದಲ್ಲಿ ಜೊತೆಯವರು ತಪ್ಪಿದರೆ ಕರೆ ಮಾಡಲು ಇರುವುದೂ ಅದೊಂದೇ ಫೋನ್.

ವಾಚ್ ಗೆಳೆಯನದು. ಒಮ್ಮೆ ಕಾತ್ರಜದಿಂದ ಸಿಂಹಗಡಕ್ಕೆ ರಾತ್ರಿ ನಡೆದಾಗ ಕಟ್ಟಿಕೊಂಡಿದ್ದೆ. ಹಗುರ, ಕೈಗೆ ತೊಡಕಿಲ್ಲ, ಗೆರೆಯೂ ಚೆನ್ನಾಗಿ ಬಂತು. ಆದರೆ ದಾರಿಯಲ್ಲಿ ಚಾರ್ಜ್ ಮುಗಿದರೆ ಕಿರಾಣಿ ಅಂಗಡಿಯಲ್ಲಿ ಅದಕ್ಕೆ ಸೆಲ್ ಸಿಗುವುದಿಲ್ಲ, ಮತ್ತು ಅದರ ಬೆಲೆಗೆ ನನ್ನ ಕೈಜಿಪಿಎಸ್ ನಾಲ್ಕು ಬರುತ್ತವೆ.

ಉಪಗ್ರಹದ ಮೂಲಕ ಸಂದೇಶ ಕಳಿಸುವ ಮಾದರಿಗಳೂ ಇವೆ. ವಿದೇಶದಿಂದ ಬರುವ ಸಂಬಂಧಿಕರ ಕೈಲಿ ದಯವಿಟ್ಟು ಅವನ್ನು ತರಿಸಬೇಡಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ನಮ್ಮ ದೇಶದಲ್ಲಿ ಇಟ್ಟುಕೊಳ್ಳುವಂತಿಲ್ಲ. ಗೋವಾ ವಿಮಾನ ನಿಲ್ದಾಣದಲ್ಲಿ ಪ್ರವಾಸಿಗಳು ಸಿಕ್ಕಿಬಿದ್ದದ್ದುಂಟು. ಸಂಕೇತ ಪಡೆಯುವುದಷ್ಟೇ ಕೆಲಸವಾದ ಸಾದಾ ಜಿಪಿಎಸ್‌ಗೆ ಈ ತೊಡಕಿಲ್ಲ.

ಇನ್ನು ಕಣ್ಣೀರಿನ ಕಥೆ. ಕೈಜಿಪಿಎಸ್ ಕೊಂಡ ವರ್ಷ, ಒಂದು ಹೆಜ್ಜೆಯೂ ತಪ್ಪಬಾರದೆಂದು ಪ್ರತಿ ಸೆಕೆಂಡಿಗೆ ಒಂದು ಬಿಂದು ಬರೆಯುವಂತೆ ಹೊಂದಿಸಿದೆ. ಬೆಳಗಿನ 5ಕ್ಕೆ ಪುಣೆಯ ಭವಾನಿ ಪೇಠೆಯಲ್ಲಿ ಶುರುಮಾಡಿ ಸಂಜೆ 5ಕ್ಕೆ ಸಾಸವಡದಲ್ಲಿ ನಿಲ್ಲಿಸಿದೆ. ಹನ್ನೆರಡು ಗಂಟೆ ಅದು ಒಮ್ಮೆಯೂ ಆರಲಿಲ್ಲ. ಮನೆಗೆ ಬಂದು, ಆ ಬಿಂದುಗಳನ್ನೆಲ್ಲ ಬರೆದಿಟ್ಟ ಜಿಪಿಎಕ್ಸ್ ಕಡತ ತೆರೆದರೆ ಮೊದಲ ಬಿಂದುವಿನ ಸಮಯ 08:43. ಮೊದಲ ಮೂರು-ನಾಲ್ಕು ಗಂಟೆ ಹೋಯಿತಲ್ಲ ಎಂದು ಹೊಟ್ಟೆ ಉರಿಯಿತು. ಹಾಗಿದ್ದರೆ ಗೆರೆ ಹಡಪಸರದ ಆಸುಪಾಸಿನಿಂದ ಶುರುವಾಗಬೇಕಿತ್ತು. ನಕಾಶೆಯಲ್ಲಿ ನೋಡಿದರೆ ಶುರುವಾದದ್ದು ದಿವೇ ಘಾಟದ ಅರ್ಧದಲ್ಲಿ. ಬೆಳಿಗ್ಗೆ 8:43ಕ್ಕೆ ನಾನು ಘಾಟದ ಹತ್ತಿರವೂ ಇರಲಿಲ್ಲ!

ಎರಡು ರಾತ್ರಿ ಕೂತ ಮೇಲೆ ಗಂಟು ಬಿಚ್ಚಿತು. ಜಿಪಿಎಕ್ಸ್ ಕಡತದಲ್ಲಿ ಸಮಯ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ ಇರುತ್ತದೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. 08:43 ಅಂದರೆ ಮಧ್ಯಾಹ್ನ 2:13. ಅಲ್ಲಿಂದ ಸಂಜೆ 5ರವರೆಗೆ 2 ಗಂಟೆ 47 ನಿಮಿಷ, ಅಂದರೆ ಹೆಚ್ಚೂಕಡಿಮೆ ಹತ್ತು ಸಾವಿರ ಸೆಕೆಂಡು. ನನ್ನ ಸಾಧನದ ಚಾಲ್ತಿ ದಾಖಲೆಯಲ್ಲಿ ಹಿಡಿಯುವುದು ಸರಿಯಾಗಿ 10,000 ಬಿಂದು. ತುಂಬಿದ ಮೇಲೆ ಏನು ಮಾಡಬೇಕೆಂಬ ಆಯ್ಕೆ ಮೆನುವಿನ ಮೂರನೇ ಪುಟದಲ್ಲಿತ್ತು. ಹಿಂದಿನ ಮಾಲೀಕರು ಅದನ್ನು ‘ರ‍್ಯಾಪ್’ನಲ್ಲಿ ಬಿಟ್ಟಿದ್ದರು. ಹೊಸ ಬಿಂದು ಬಂದಂತೆಲ್ಲ ಹಳೆಯದನ್ನು ಅಳಿಸುತ್ತ ಹೋಗುವುದು ಅದರ ಅರ್ಥ. ನಾನು ವಡಕಿಯಲ್ಲಿ ಕೂತು ಭಾಕ್ರಿ ತಿನ್ನುತ್ತಿದ್ದಾಗ ಬೆಳಗಿನ ಪುಣೆ ಒಂದೊಂದೇ ಸೆಕೆಂಡಾಗಿ ಅಳಿಸಿಹೋಗುತ್ತಿತ್ತು. ಅಳಿಸಿದ್ದನ್ನು ಮರಳಿ ಪಡೆಯುವ ದಾರಿಯಿಲ್ಲ. ಪಾಲಖಿಯೂ ಇನ್ನೊಂದು ವರ್ಷ ಬರುವುದಿಲ್ಲ.

ಈಗ ನನ್ನದು ಸೆಕೆಂಡಿನ ಲೆಕ್ಕವಲ್ಲ, ದೂರದ ಲೆಕ್ಕ: 10 ಮೀಟರಿಗೆ ಒಂದು ಬಿಂದು. 30 ಕಿಲೋಮೀಟರಿಗೆ ಮೂರು ಸಾವಿರ, ಹತ್ತು ಸಾವಿರದಲ್ಲಿ 100 ಕಿಲೋಮೀಟರ್ ಹಿಡಿಯುತ್ತದೆ. ‘ರ‍್ಯಾಪ್’ ತೆಗೆದು ದಿನಕ್ಕೊಂದು ಕಡತವಾಗಿ ತಾನೇ ಉಳಿಸುವಂತೆ ಮಾಡಿದ್ದೇನೆ. ದೂರದ ಲೆಕ್ಕಕ್ಕೆ ಇನ್ನೊಂದು ಲಾಭವೂ ಉಂಟು. ಸೆಕೆಂಡಿನ ಲೆಕ್ಕದಲ್ಲಿಟ್ಟು ಬಾಲ್ಕನಿಯಲ್ಲಿ ಒಂದು ಗಂಟೆ ಬಿಟ್ಟು ನೋಡಿದೆ: ಕದಲದೇ ಇದ್ದ ಸಾಧನ 400 ಮೀಟರ್ ನಡೆದಂತೆ ತೋರಿಸಿತು. ಕೂತಲ್ಲೇ ಬಿಂದುಗಳು ಅತ್ತಿತ್ತ ಚದುರಿ ಸುಳ್ಳು ದೂರ ಸೇರುತ್ತದೆ. 10 ಮೀಟರಿನ ಲೆಕ್ಕದಲ್ಲಿ ಅದು ಬಹುಪಾಲು ನಿಂತಿತು.

ಸೆಲ್ ವಿಷಯ: ರೀಚಾರ್ಜ್ ಆಗುವ ನಿಕ್ಕಲ್ ಸೆಲ್ 1.2 ವೋಲ್ಟ್, ಸಾದಾ ಅಲ್ಕಲೈನ್ 1.5. ಯಾವುದು ಹಾಕಿದ್ದೀರೆಂದು ಮೆನುವಿನಲ್ಲಿ ತಿಳಿಸದಿದ್ದರೆ ತುಂಬಿದ ಸೆಲ್ಲನ್ನೂ ಖಾಲಿ ಎಂದು ತೋರಿಸುತ್ತದೆ.

ಹೊರಡುವ ಮೊದಲು ಬಯಲಲ್ಲಿ ಐದು ನಿಮಿಷ ಸುಮ್ಮನೆ ಇಡಿ. ಪ್ರತಿ ಉಪಗ್ರಹವೂ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಕಳಿಸುತ್ತದೆ. ಕಟ್ಟಡಗಳ ನಡುವೆ ಓಡಾಡುತ್ತಿದ್ದರೆ ಅದು ತುಂಡಾಗಿ, ಮತ್ತೆ ಮೊದಲಿನಿಂದ ಕೇಳಿಸಿಕೊಳ್ಳಬೇಕಾಗುತ್ತದೆ. ಫೋನ್ ಈ ವಿವರವನ್ನು ಇಂಟರ್ನೆಟ್ಟಿನಿಂದ ತರಿಸಿಕೊಳ್ಳುತ್ತದೆ, ಹಾಗಾಗಿ ಅದು ಊರೊಳಗೆ ಚುರುಕು.

ಆದರೆ ಎತ್ತರ ತೋರಿಸುವುದರಲ್ಲಿ ನನ್ನ ಫೋನ್ ಹಿಂದೆ. ಸಿಂಹಗಡ 1,312 ಮೀಟರ್. ನನ್ನ ಫೋನ್ ಅದಕ್ಕಿಂತ ಅರವತ್ತು ಚಿಲ್ಲರೆ ಮೀಟರ್ ಕಡಿಮೆ ತೋರಿಸಿತು. ಭೂಮಿಯನ್ನು ನುಣುಪಾದ ದೀರ್ಘಗೋಳವೆಂದು ಹಿಡಿದು ಎಣಿಸಿದ ಎತ್ತರ ಅದು. ನಮ್ಮ ಭಾಗದಲ್ಲಿ ನಿಜವಾದ ಸಮುದ್ರಮಟ್ಟ ಆ ಗೋಳಕ್ಕಿಂತ ಅಷ್ಟು ಕೆಳಗಿದೆ. ಕೈಜಿಪಿಎಸ್ ಆ ವ್ಯತ್ಯಾಸ ತಿದ್ದಿಯೇ ತೋರಿಸುತ್ತದೆ.

ಕೈಜಿಪಿಎಸ್‌ನಲ್ಲಿ ನನಗೆ ಇಷ್ಟವಿಲ್ಲದ್ದೂ ಇದೆ. ಕನ್ನಡ ಅಕ್ಷರ ಬಾರದು, ಜಾಗಕ್ಕೆ ಹೆಸರು ಕೊಡಲು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಒತ್ತಬೇಕು. ಪರದೆ ಚಿಕ್ಕದು. ಬಿಡುವಿನಲ್ಲಿ ಸಣ್ಣ ವಾಕಿಂಗ್ ಹೋಗುವವರಿಗೆ ಫೋನೇ ಸಾಕು, ದುಡ್ಡು ಹಾಕಬೇಡಿ. ನನ್ನಂತೆ ಮಳೆಯಲ್ಲಿ ಹತ್ತು-ಹನ್ನೆರಡು ಗಂಟೆ ನಡೆದು, ಫೋನನ್ನು ಕರೆಗೆಂದು ಉಳಿಸಿಕೊಳ್ಳಬೇಕಾದವರು ಎಂಟು-ಹತ್ತು ಸಾವಿರದೊಳಗೆ ಹಳೆಯದೊಂದನ್ನು ಹುಡುಕಿ.

ಪಾಲಖಿಗೆ ಕಾಯಲಾಗದೆ ಶ್ರಾವಣದ ಒಂದು ಭಾನುವಾರ ಅದೇ ದಾರಿಯನ್ನು ಒಬ್ಬನೇ ನಡೆದೆ. ಕಡತದ ಮೊದಲ ಬಿಂದು 23:30, ಶನಿವಾರದ ತಾರೀಖು; ನಮ್ಮ ಭಾನುವಾರದ ಬೆಳಗಿನ 5. ಭವಾನಿ ಪೇಠೆಯಿಂದ ಸಾಸವಡದವರೆಗೆ ಎಲ್ಲೂ ತುಂಡಾಗದ ಗೆರೆ. ಅವ್ವ ಲ್ಯಾಪ್‌ಟಾಪಿನ ಮುಂದೆ ಕೂತು ಬೆರಳಿಟ್ಟುಕೊಂಡು ಬಂದವಳು ಘಾಟದ ಮೇಲೆ ಒಂದು ಕಡೆ ನಿಂತಳು.

“ಇಲ್ಲಿ ಗೆರಿ ಯಾಕ ಗಂಟಾಗೇತಿ?”

“ಅಲ್ಲಿ ಕುಂತು ಚಹಾ ಕುಡದೆ ಅವ್ವಾ.”

“ನಾವೂ ಅಲ್ಲೇ ಕುಂತಿದ್ದಿವಿ,” ಎಂದಳು. ಆ ಜಾಗಕ್ಕೆ ಈಗ ಹೆಸರಿಟ್ಟು ಉಳಿಸಿದ್ದೇನೆ.