ಕ್ವಾಲಿಸ್‌ನ ಹಿಂದಿನ ಆಕ್ಸಲ್ ಲೀಕ್ ಮತ್ತೆ ಬೈಕಂಪಾಡಿಯ ಒಂದು ಸಣ್ಣ ಗ್ಯಾರೇಜ್

ನಮ್ದು 2003ರ ಕ್ವಾಲಿಸ್, ಅಪ್ಪ ತಗೊಂಡದ್ದು, ಈಗ ನಾನು ಓಡಿಸುದು. ಟೊಯೊಟಾದವ್ರು ಈ ಗಾಡಿ ನಿಲ್ಲಿಸಿ ಇಪ್ಪತ್ತು ವರ್ಷ ಆಯ್ತು, ಆದ್ರೂ ಇಂಜಿನ್ ವಿಷಯದಲ್ಲಿ ಇವತ್ತಿಗೂ ಒಂದು ಮಾತು ಹೇಳ್ಲಿಕ್ಕಿಲ್ಲ. ತಲೆಬಿಸಿ ಶುರು ಆದದ್ದು ಹಿಂದಿನ ಬಲಗಡೆ ಚಕ್ರದಿಂದ. ಟಯರ್‌ನ ಒಳಬದಿಯಲ್ಲಿ ಎಣ್ಣೆ ಹರಿದ ಗೆರೆ, ಅದರ ಮೇಲೆ ಕೆಂಪು ಧೂಳು ಮೆತ್ತಿಕೊಂಡು ದಪ್ಪ ಆಗಿತ್ತು. ಮೊದ್ಲು ಬ್ರೇಕ್ ಆಯಿಲ್ ಅಂತ ಅಂದ್ಕೊಂಡೆ, ಆದ್ರೆ ಬ್ರೇಕ್ ಆಯಿಲ್ ನೀರಿನ ಹಾಗೆ ತೆಳು ಇರ್ತದೆ, ಡಬ್ಬಿಯಲ್ಲಿ ಲೆವೆಲ್ ಕೂಡ ಇಳಿತದೆ, ಇಲ್ಲಿ ಅದು ಇಳಿಲೇ ಇಲ್ಲ. ಬೆರಳಲ್ಲಿ ಮುಟ್ಟಿ ಮೂಸಿ ನೋಡಿದ್ರೆ ದಪ್ಪ, ಅಂಟು, ಆ ಗಂಧಕದ ಘಾಟು. ಗೇರ್ ಆಯಿಲೇ, ಹಿಂದಿನ ಚಕ್ರಗಳನ್ನು ತಿರುಗಿಸುವ ಆಕ್ಸಲ್ ಒಳಗೆ ಇರುವ ಎಣ್ಣೆ.

ಮನೆ ಹತ್ರದ ಒಬ್ರು ಮೆಕ್ಯಾನಿಕ್ ಆಯಿಲ್ ಸೀಲ್ (ಎಣ್ಣೆ ಹೊರಗೆ ಬರದ ಹಾಗೆ ತಡೆಯುವ ರಬ್ಬರ್ ರಿಂಗ್) ಬದಲಿ ಮಾಡಿ, ಎಣ್ಣೆ ತಾಗಿದ ಬ್ರೇಕ್ ಶೂವನ್ನು (ಚಕ್ರ ನಿಲ್ಲಿಸ್ಲಿಕ್ಕೆ ಡ್ರಮ್ಮಿಗೆ ಒತ್ತುವ ಪಟ್ಟಿ) ಪೆಟ್ರೋಲಲ್ಲಿ ಒರೆಸಿ ಅದನ್ನೇ ವಾಪಸ್ ಹಾಕಿ ಕೊಟ್ರು. ಒಂದು ತಿಂಗಳು ಆಗ್ಲಿಲ್ಲ, ಮತ್ತೆ ಅದೇ ಗೆರೆ, ಮನೆ ಎದುರಿನ ಏರಲ್ಲಿ ಹ್ಯಾಂಡ್ ಬ್ರೇಕ್ ಎಳೆದ್ರೂ ಗಾಡಿ ಮೆಲ್ಲ ಹಿಂದೆ ಜಾರ್ತಿತ್ತು. ಮಕ್ಕಳನ್ನು ಕೂರಿಸ್ಕೊಂಡು ಚಾರ್ಮಾಡಿ ಘಾಟಿ ಇಳಿಯುವ ಗಾಡಿ ಇದು, ನಂಗೆ ನಿಜಕ್ಕೂ ಹೆದರಿಕೆ ಆಯ್ತು.

ಆಮೇಲೆ ಒಬ್ರು ಪಿಕಪ್ ಡ್ರೈವರ್ ಹೇಳಿದ್ದು ಕೇಳಿ ಮಂಗಳೂರಿನ ಬೈಕಂಪಾಡಿಗೆ ಹೋದೆ. ಇಂಡಸ್ಟ್ರಿಯಲ್ ಏರಿಯಾದ ಒಳಗಿನ ರೋಡಲ್ಲಿ ಶೀಟ್ ಹಾಕಿದ ಶೆಡ್, ಎರಡೇ ಗಾಡಿ ಹಿಡಿಸುವಷ್ಟು ಜಾಗ, ಬೋರ್ಡ್ ಇಲ್ಲ. ಮೆಕ್ಯಾನಿಕ್ ಅರುವತ್ತರ ಹತ್ರದವ್ರು, ಜೊತೆಗೆ ಇಬ್ರು ಹುಡುಗರು. ನಾನು "ಸೀಲ್ ಹಾಕ್ಬೇಕಿತ್ತು" ಅಂದೆ. ಅವ್ರು "ಸೀಲ್ ಹಾಕುದು ದೊಡ್ಡ ವಿಷಯ ಅಲ್ಲ ಮಾರಾಯ್ರೆ, ಹೊಸತು ಯಾಕೆ ಹೋಯ್ತು ಅಂತ ಮೊದ್ಲು ನೋಡುವ" ಅಂದ್ರು. ನಾನು ಈ ರಿವ್ಯೂ ಬರೀತಾ ಇರುದೇ ಆ ಒಂದು ಮಾತಿಗೆ.

ಗಾಡಿ ಜಾಕ್ ಮಾಡಿ ಸ್ಟ್ಯಾಂಡ್ ಕೊಟ್ಟು ಫಸ್ಟ್ ಅವ್ರು ಹೋದದ್ದು ಚಕ್ರದ ಹತ್ರ ಅಲ್ಲ, ಆಕ್ಸಲ್ ಹೌಸಿಂಗ್‌ನ (ಹೊರಗಿನ ಕವಚದ) ಮೇಲೆ ಇರುವ ಬ್ರೀದರ್‌ಗೆ, ಅಂದ್ರೆ ಗಾಳಿ ಬಿಡುವ ಮುಚ್ಚಳಕ್ಕೆ. ಬೆರಳಿನ ತುದಿಯಷ್ಟು ಇರ್ತದೆ ಅಷ್ಟೆ. ಬಿಚ್ಚಿ ನನ್ನ ಕೈಗೆ ಕೊಟ್ಟು ಊದ್ಲಿಕ್ಕೆ ಹೇಳಿದ್ರು, ಊದಿದ್ರೆ ಗಾಳಿಯೇ ಹೋಗುದಿಲ್ಲ, ಒಳಗೆ ಮಣ್ಣು ಕಲ್ಲಿನ ಹಾಗೆ ಗಟ್ಟಿ. ಗಾಡಿ ಓಡಿದಾಗ ಹೌಸಿಂಗ್ ಬಿಸಿ ಆಗ್ತದೆ, ಒಳಗಿನ ಗಾಳಿ ಹಿಗ್ಗಿ ಆ ಬ್ರೀದರಲ್ಲಿ ಹೊರಗೆ ಹೋಗ್ಬೇಕು, ಅದು ಬಂದ್ ಆದ್ರೆ ಪ್ರೆಶರ್ ಎಲ್ಲ ಸೀಲ್ ಮೇಲೆ ಬಿದ್ದು ಎಣ್ಣೆಯನ್ನು ಹೊರಗೆ ತಳ್ತದೆ. ನಮ್ಮ ಕಡೆಯ ಮುರಕಲ್ಲು (ಕೆಂಪುಕಲ್ಲು) ಧೂಳು, ಅದರ ಮೇಲೆ ನಾಲ್ಕು ತಿಂಗಳ ಮಳೆ, ಕಟ್ಟಿಕೊಳ್ಳದೆ ಇರುದು ಹೇಗೆ.

ಆಮೇಲೆ ಬ್ರೇಕ್ ಡ್ರಮ್, ಶೂಗಳ ಮೇಲಿನ ಮುಚ್ಚಳ. ತುಕ್ಕು ಹಿಡಿದು ಅಂಟಿತ್ತು, ಸುತ್ತಿಗೆಯಲ್ಲಿ ಹೊಡೀಲಿಲ್ಲ, ಡ್ರಮ್ಮಲ್ಲೇ ಇರುವ ಎರಡು ತೂತಿಗೆ ಬೋಲ್ಟ್ ಹಾಕಿ ಒಂದಾದ ಮೇಲೆ ಒಂದು ತಿರುಗಿಸ್ತಾ ಬಂದ್ರು, ತನ್ನಷ್ಟಕ್ಕೆ ಹೊರಗೆ ಬಂತು. ಶೂ ಪೂರ್ತಿ ಎಣ್ಣೆ ಕುಡಿದು ಕಪ್ಪು. ಆಮೇಲೆ ಆಕ್ಸಲ್‌ನ ಫ್ಲೇಂಜ್ (ಚಕ್ರ ಕೂರುವ ತಟ್ಟೆ) ಹಿಡಿದು ಮೇಲೆ ಕೆಳಗೆ ಎತ್ತಿ ನೋಡ್ಲಿಕ್ಕೆ ನನ್ಗೇ ಹೇಳಿದ್ರು. ಎತ್ತಿದ್ರೆ ಕೈಗೆ "ಟೊಕ್" ಅಂತ ಸಿಗ್ತದೆ. ಬೇರಿಂಗ್ ಸವೆದು ಪ್ಲೇ (ಅಲುಗಾಟ) ಬಂದಿತ್ತು, ಶಾಫ್ಟ್, ಅಂದ್ರೆ ಆಕ್ಸಲ್‌ನ ಸರಳು, ಹಾಗೆ ಕುಣಿತಾ ಇದ್ರೆ ಎಂಥಾ ಒರಿಜಿನಲ್ ಸೀಲ್ ಹಾಕಿದ್ರೂ ಅದರ ಲಿಪ್ (ಅಂಚು) ಹರಿಯುದೇ.

ಶಾಫ್ಟ್ ಎಳೆದು ತೆಗೆದು ಬೇರಿಂಗನ್ನು ಹಿಡಿದಿಡುವ ಹಿಂದಿನ ರಿಂಗನ್ನು ಗ್ರೈಂಡರಲ್ಲಿ ಕೊರೆದ್ರು, ಪೂರ್ತಿ ಕೊರೀಲಿಲ್ಲ, ಶಾಫ್ಟಿಗೆ ತಾಗ್ಲಿಕ್ಕೆ ಒಂದು ನೂಲು ಬಾಕಿ ಇರುವಾಗ ನಿಲ್ಲಿಸಿ ಚೀಸಲ್ ಇಟ್ಟು ಒಂದೇ ಪೆಟ್ಟು, ರಿಂಗ್ ಸೀಳಿತು, ಶಾಫ್ಟ್ ಮೇಲೆ ಒಂದು ಗೀರು ಇಲ್ಲ. ನಾನು ಉಸಿರು ಹಿಡ್ಕೊಂಡು ನೋಡ್ತಾ ಇದ್ದೆ. ಹೊಸ ಬೇರಿಂಗ್, ಹೊಸ ರಿಂಗ್ ಎರಡೂ ಪ್ರೆಸ್ಸಲ್ಲಿ ಕೂರಿಸಿದ್ದು. ಸೀಲ್ ಕೂರುವಲ್ಲಿ ಶಾಫ್ಟ್ ಮೇಲೆ ಉಗುರಿಗೆ ಸಿಗುವ ಹಾಗೆ ಗೀರು ಬಿದ್ದಿದ್ಯಾ ಅಂತ ಉಗುರು ಎಳೆದು ನೋಡಿದ್ರು, ಬಿದ್ದಿರ್ಲಿಲ್ಲ. ವಾಪಸ್ ಹಾಕುವಾಗ ಹುಡುಗ ಶಾಫ್ಟನ್ನು ಸೀದಾ ತಳ್ಳಲಿಕ್ಕೆ ಹೊರಟ, ಇವ್ರು ತಡೆದು "ಭಾರ ಸೀಲ್ ಮೇಲೆ ಬಿಡ್ಬೇಡ ಮಗಾ, ಸ್ಪ್ಲೈನ್‌ನ ಹಲ್ಲು ತಾಗಿದ್ರೆ ಇವತ್ತೇ ಹೋಯ್ತು ಅದು" ಅಂತ ತಾನೇ ಎರಡು ಕೈಯಲ್ಲಿ ಎತ್ತಿ ಹಿಡಿದು ಒಳಗೆ ಬಿಟ್ರು. ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ.

ಶೂ ಎರಡೂ ಚಕ್ರಕ್ಕೆ ಹೊಸತು ಹಾಕ್ಬೇಕು ಅಂದ್ರು, ಎಣ್ಣೆ ಕುಡಿದ ಶೂ ಒರೆಸಿದ್ರೆ ಪ್ರಯೋಜನ ಇಲ್ಲ, ಬಿಸಿ ಆದ ಹಾಗೆ ಒಳಗಿನ ಎಣ್ಣೆ ಪುನಃ ಮೇಲೆ ಬರ್ತದೆ, ಒಂದೇ ಬದಿಗೆ ಹಾಕಿದ್ರೆ ಬ್ರೇಕ್ ಹಾಕುವಾಗ ಗಾಡಿ ಒಂದು ಬದಿಗೆ ಎಳಿತದೆ. ಎಡಗಡೆ ಬೇರಿಂಗ್ ಚೆನ್ನಾಗಿತ್ತು, ಅದನ್ನು ಮುಟ್ಲಿಲ್ಲ. ಬೇಕಾದ್ರೆ ನನ್ನ ಹತ್ರ ದುಡ್ಡು ತಗೊಳ್ಬಹುದಿತ್ತು ಅಲ್ವಾ, ತಗೊಳ್ಳಿಲ್ಲ. ಆಯಿಲ್ ಬದಲಿಸುವಾಗ ಕೆಳಗಿನ ಪ್ಲಗ್ ಬಿಚ್ಚುವ ಮೊದ್ಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತದಾ ಅಂತ ನೋಡಿದ್ರು, ಅದು ಜಾಮ್ ಆಗಿದ್ರೆ ಎಣ್ಣೆ ಖಾಲಿ ಮಾಡಿ ಮತ್ತೆ ತುಂಬಿಸುದು ಎಲ್ಲಿಂದ. ಹಾಕಿದ್ದು ಜಿಎಲ್-5 ಗ್ರೇಡಿನ 90 ನಂಬರ್ ಗೇರ್ ಆಯಿಲ್, ಫಿಲ್ಲರ್ ತೂತಿನ ಅಂಚಿನವರೆಗೆ ಮಾತ್ರ.

ಎಲ್ಲ ಸೇರಿ 7,400 ಆಯ್ತು, ಹಳೆ ಬೇರಿಂಗ್, ಸೀಲ್, ಶೂ ಎಲ್ಲ ಒಂದು ಗೋಣಿಯಲ್ಲಿ ಕಟ್ಟಿ ಡಿಕ್ಕಿಯಲ್ಲಿಟ್ಟು ಕೊಟ್ರು. ಕೆಲ್ಸಕ್ಕೆ ಎರಡು ದಿನ ಬೇಕಾಯ್ತು, ಯಾಕಂದ್ರೆ ಬೇರಿಂಗ್ ತರಿಸ್ಬೇಕಿತ್ತು. ಕೂತ್ಕೊಳ್ಳಿಕ್ಕೆ ಒಂದು ಬೆಂಚ್ ಬಿಟ್ರೆ ಎಂತದೂ ಇಲ್ಲ, ಕೆಲಸದ ಮಧ್ಯ ಫೋನ್ ತೆಗಿಯುದಿಲ್ಲ, ಅರ್ಜೆಂಟ್ ಇರುವವ್ರು ಬೇರೆ ಕಡೆ ನೋಡಿ.

ಅದಾದ ಮೇಲೆ ಎರಡು ಸಲ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದವರೆಗೆ ಹೋಗಿ ಬಂದೆ, ಜೋರು ಮಳೆಯಲ್ಲಿ ಒಮ್ಮೆ. ಮೊನ್ನೆ ಆದಿತ್ಯವಾರ ಗಾಡಿ ಅಡಿಗೆ ಮಲಗಿ ಟಾರ್ಚ್ ಹಾಕಿ ಬಲಗಡೆ ಚಕ್ರದ ಒಳಬದಿ ಬೆರಳಿಟ್ಟು ನೋಡಿದೆ. ಬರೀ ಒಣ ಧೂಳು. ಮನೆ ಎದುರಿನ ಏರಲ್ಲಿ ಈಗ ಹ್ಯಾಂಡ್ ಬ್ರೇಕ್ ಮೂರೇ ಹಲ್ಲಿಗೆ ಹಿಡಿತದೆ.