ಮಾತ್ರೆಯೋ, ಕಾಪರ್-ಟಿಯೋ?

ದಾವಣಗೆರೆಯ ಮಂಡಕ್ಕಿ ಭಟ್ಟಿಗೆ ನಸುಕಿನಲ್ಲೇ ಹೊರಡುವ ಹೆಂಗಸಿಗೆ ದಿನಾ ತಪ್ಪದೆ ಬಸಿರು ತಡೆಯುವ ಮಾತ್ರೆ ನುಂಗೋದು ನೆನಪಿರುತ್ತಾ? ಪ್ರಶ್ನೆ ಇರೋದೇ ಅಲ್ಲಿ. ಒಂದೂ ಬಿಡದಿದ್ದರೆ ಸರ್ಕಾರ ಕೊಡುವ ಮಾಲಾ-ಎನ್ ಮಾತ್ರೆಯನ್ನು ಗಟ್ಟಿಯಾಗಿ ನಂಬಬಹುದು. ಆದರೆ ನಿತ್ಯದ ಬಳಕೆಯಲ್ಲಿ ಇಂಥ ಮಾತ್ರೆ ನುಂಗುವ 100 ಜನರಲ್ಲಿ ವರ್ಷಕ್ಕೆ ಸುಮಾರು 7 ಜನ ಬಸಿರಾಗುತ್ತಾರೆ. ಕಾಂಡೋಮ್‌ನಲ್ಲಿ 13. ಆದರೂ ಲೈಂಗಿಕ ರೋಗ ತಡೆಯೋದು ಇವುಗಳಲ್ಲಿ ಅದೊಂದೇ, ಕಡೆಗಣಿಸಬೇಡಿ. ಅಂತರಾ ಚುಚ್ಚುಮದ್ದಿನಲ್ಲಿ 4; ಮೂರು ತಿಂಗಳಿಗೊಮ್ಮೆ ಹೋಗಲೇಬೇಕು.

ಮರೆವು ಜಾಸ್ತಿ ಇರುವವರಿಗೆ ನಾನು ಗರ್ಭಕೋಶದೊಳಗೆ ಇಡುವ ತಾಮ್ರದ ಸಾಧನ, ಕಾಪರ್-ಟಿಯನ್ನೇ ಹೇಳುತ್ತೇನೆ. ಇದರಲ್ಲಿ ವರ್ಷಕ್ಕೆ ಬಸಿರಾಗೋದು 100ಕ್ಕೆ ಒಬ್ಬರಿಗಿಂತ ಕಡಿಮೆ. ಒಮ್ಮೆ ಹಾಕಿಸಿದರೆ ನೆನಪಿಡುವ ಕೆಲಸವೇ ಇಲ್ಲ, 380ಎ ಅನ್ನೋ ಬಗೆಯದು 10 ವರ್ಷ ಬರುತ್ತದೆ. ಮೊದಲ ತಿಂಗಳುಗಳಲ್ಲಿ ಮುಟ್ಟು ಜಾಸ್ತಿ ಹೋಗಬಹುದು, ಹೊಟ್ಟೆನೋವೂ ಬರಬಹುದು. ರಕ್ತ ಕಡಿಮೆ ಇದ್ದರೆ ಹಾಕಿಸುವ ಮೊದಲೇ ಡಾಕ್ಟರಿಗೆ ಹೇಳಿ. ಸರ್ಕಾರಿ ಆಸ್ಪತ್ರೆಯಲ್ಲಿ ಇವೆಲ್ಲ ಉಚಿತ.