ಆಂಟೆನಾ ನಿಧಾನವಾಗಿ ತಿರುಗುತ್ತಿದೆಯೇ? ಮೋಟಾರ್‌ಗೆ ದುಡ್ಡು ಕೊಡಬೇಡಿ, ಮೊದಲು ಇದನ್ನು ಓದಿ

9,500 ರೂಪಾಯಿ ಹೋಯಿತು. ದುಡ್ಡಿಗಿಂತ ಹೆಚ್ಚಾಗಿ, ಇಷ್ಟು ವರ್ಷ ಹ್ಯಾಮ್ ರೇಡಿಯೊ (ಹವ್ಯಾಸಿಗಳ ರೇಡಿಯೊ) ಮುಂದೆ ಕುಳಿತವನು ಹೀಗೆ ಟೋಪಿ ಹಾಕಿಸಿಕೊಂಡೆನಲ್ಲ ಎಂದು ಹೊಟ್ಟೆ ಉರಿಯುತ್ತಿದೆ.

ಮನೆ ಬದಲಿಸಿದಾಗ, ಆಕಾಶದಲ್ಲಿ ಸಾಗುವ ಉಪಗ್ರಹದತ್ತ ಮೋಟಾರ್‌ನಿಂದ ತಿರುಗಿಸುವ ನನ್ನ ಆಂಟೆನಾ ಮೂರನೆಯ ಮಹಡಿಯ ತಾರಸಿಗೆ ಹೋಯಿತು. ರಿಪೇರಿಯವನೊಬ್ಬ ಕೆಳಗಿನಿಂದ ಮೋಟಾರ್‌ಗೆ ಕರೆಂಟ್ ಒಯ್ಯುವ 30 ಮೀಟರ್ ಹೊಸ ಕೇಬಲ್ ಎಳೆದುಕೊಟ್ಟ. ಅಂದಿನಿಂದಲೇ ಶುರು. ಗುಂಡಿ ಒತ್ತಿ ಹಿಡಿದರೆ ನಿಮಿಷದಲ್ಲಿ ಪೂರ್ತಿ ಸುತ್ತು ಬರುತ್ತಿದ್ದ ಆಂಟೆನಾ, ಎರಡು ನಿಮಿಷವಾದರೂ ತೆವಳುತ್ತಲೇ ಇತ್ತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಒಮ್ಮೆ ಹಾದುಹೋಗುವಾಗ ಸಿಗುವುದೇ ಸುಮಾರು ಹತ್ತು ನಿಮಿಷ. ಅದರಲ್ಲೂ ನೆತ್ತಿಯ ಹತ್ತಿರ ಬಂದಾಗ ದಿಕ್ಕು ಸರಕ್ಕನೆ ಬದಲಾಗುತ್ತದೆ. 145.800 ಮೆಗಾಹರ್ಟ್ಸ್‌ನಲ್ಲಿ ಅಲ್ಲಿಂದ ಚಿತ್ರ ಬರುವ ದಿನ ಪಕ್ಕದ ಮನೆಯ ಮಕ್ಕಳನ್ನು ಬೇರೆ ಕರೆದಿದ್ದೆ! ಅರ್ಧ ಚಿತ್ರ ಮೂಡಿತು, ಉಳಿದರ್ಧ ಬರೀ ಚುಕ್ಕಿ, ಗೆರೆ.

ಅವನನ್ನೇ ಕರೆಸಿದೆ. ತಾರಸಿಯಲ್ಲಿ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರ್ ಹಿಡಿದ. "ನೋಡಿ ಸರ್, 24 ವೋಲ್ಟ್ ಸರಿಯಾಗಿ ಬರುತ್ತಿದೆ. ಕೇಬಲ್ ಚೆನ್ನಾಗಿದೆ. ಮೋಟಾರೇ ಹೋಗಿದೆ." ನಾನು ತಲೆಯಾಡಿಸಿದೆ. ಬಿಚ್ಚಿ ಅಳೆದರೆ 24 ಬರದೆ ಇನ್ನೇನು ಬರುತ್ತದೆ? ಕರೆಂಟೇ ಹರಿಯದಿದ್ದರೆ ತಂತಿಯಲ್ಲಿ ವೋಲ್ಟೇಜ್ ಇಳಿಯುವುದಾದರೂ ಹೇಗೆ? ಇದನ್ನು ಬೇರೆಯವರಿಗೆ ಪಾಠ ಹೇಳಿದವನು ನಾನು. ಆದರೂ ತಲೆಯಾಡಿಸಿದೆ.

ಹೊಸ ಮೋಟಾರ್ ಬಂತು. ಅದೇ ತೆವಳಾಟ. ಫೋನ್ ಮಾಡಿದರೆ, "ಹೊಸದಲ್ಲವೇ ಸರ್, ಸ್ವಲ್ಪ ಓಡಲಿ." ವಾರ ಬಿಟ್ಟು, "ಮೇಲೆ ಗಾಳಿ ಜಾಸ್ತಿ ಇರಬೇಕು." ಆಮೇಲೆ, "ನಿಮ್ಮ ಆಂಟೆನಾ ಭಾರ ಸರ್." ಹಳೆಯ ಮನೆಯಲ್ಲಿ ಇದ್ದದ್ದೂ ಅದೇ ಆಂಟೆನಾ!

ಕೊನೆಗೆ ಮಗನಿಗೆ ಕೆಳಗೆ ಗುಂಡಿ ಒತ್ತಿ ಹಿಡಿಯಲು ಹೇಳಿ, ಮೋಟಾರ್ ತಿರುಗುತ್ತಿರುವಾಗಲೇ ಮೇಲೆ ಅಳೆದೆ. 16 ವೋಲ್ಟ್. ಕೆಳಗೆ 24, ಮೇಲೆ 16. ಕೇಬಲ್‌ನ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದರೆ ಒಳಗೆ ಬೆಳ್ಳಗೆ. ತಾಮ್ರದಷ್ಟು ಸಲೀಸಾಗಿ ಕರೆಂಟ್ ಹರಿಯಗೊಡದ ಅಲ್ಯುಮಿನಿಯಂ, ಮೇಲೆ ತಾಮ್ರದ ಲೇಪ. ದುಡ್ಡು ಕೊಟ್ಟದ್ದು ಮಾತ್ರ ತಾಮ್ರಕ್ಕೆ. ಕೇಳಿದರೆ, "ಈಗ ಎಲ್ಲರೂ ಇದನ್ನೇ ಹಾಕುವುದು ಸರ್" ಎಂದ. ಎಷ್ಟು ನೆಮ್ಮದಿಯಿಂದ ಹೇಳಿದ ನೋಡಿ!

ದಪ್ಪ ತಾಮ್ರದ ಕೇಬಲ್ ಹಾಕಿದ ದಿನವೇ ಸುತ್ತು ಮತ್ತೆ ಒಂದು ನಿಮಿಷಕ್ಕೆ ಬಂತು. ನೀವು ಅಳೆಯುವುದಾದರೆ ಮೋಟಾರ್ ತಿರುಗುವಾಗ, ಅದರ ಬುಡದಲ್ಲೇ ಅಳೆಯಿರಿ. ಕೇಬಲ್ ಕೊಳ್ಳುವಾಗ ಅಂಗಡಿಯವನ ಎದುರಿಗೇ ಕೆರೆಯಿರಿ, ಮುಖ ಸಿಂಡರಿಸಿದರೆ ಸಿಂಡರಿಸಲಿ. ಬಿಚ್ಚಿದ ಸಾಮಾನನ್ನು ಯಾರ ಕೈಗೂ ಕೊಡಬೇಡಿ. ನನ್ನ ಹಳೆಯ ಮೋಟಾರ್ ವಾಪಸ್ ಕೇಳಿದ್ದಕ್ಕೆ "ಗುಜರಿಗೆ ಹಾಕಿಬಿಟ್ಟೆ ಸರ್" ಎಂದ. ಏನೂ ಆಗಿರದ ಆ ಮೋಟಾರ್ ಈಗ ಯಾರ ತಾರಸಿಯಲ್ಲಿ ತಿರುಗುತ್ತಿದೆಯೋ.